ತಗಡಿನ ಮೇಲಿನ ಗೂಡು

ತೆವಕಾನ್, ಮೆಕ್ಸಿಕೋ
18 ಏಪ್ರಿಲ್ 2001

ಪೂಜ್ಯ ಅತ್ತೆ ಚಿತ್ತಮ್ಮನವರಿಗೆ, ರಾಯದುರ್ಗದ ನಿಮ್ಮ ಅಳಿಯ ಜಂಬಯ್ಯ ಸಮುದ್ರದ ಆಚೆಯಿಂದಲೇ ಅಡ್ಡಬಿದ್ದು ಬರೆಯುವುದು.

ನಾನು ಚೆನ್ನಾಗಿದ್ದೇನೆ. ಬಾಣಂತಿ ರೇವತಿಗೂ ಮಗುವಿಗೂ ಬೇರೆ ಕಾಗದ ಹಾಕಿದ್ದೇನೆ. ಈ ಕಾಗದ ಮಾತ್ರ ನಿಮಗೆ. ಯಾಕೆಂದರೆ ಇದರಲ್ಲಿರುವ ಸಂಗತಿ ರೇಷ್ಮೆ ಹುಳು ಸಾಕಿದವರಿಗಲ್ಲದೆ ಬೇರೆಯವರಿಗೆ ರುಚಿಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಅಳಿಯ ಇಲ್ಲೊಂದು ಮನೆಯ ಬೆಳೆ ಉಳಿಸಿದ್ದಾನೆ! ಮಾವನವರಿಗೂ ಓದಿ ಹೇಳಿ. ಮದುವೆಯಾದ ವರ್ಷ ನಾನು ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಹುಳು ಉದುರಿಸಿದ್ದನ್ನು ಅವರು ಇವತ್ತಿಗೂ ಅಗಳಿ ಊರೆಲ್ಲ ಹೇಳಿಕೊಂಡು ತಿರುಗುತ್ತಾರಲ್ಲ, ಅವರೇ ಮೊದಲು ಕೇಳಬೇಕು.

ಇಲ್ಲಿನ ಫ್ಯಾಕ್ಟರಿಯಲ್ಲಿ ನಾನು ರಿಪೇರಿ ನೋಡಿಕೊಳ್ಳುವ ಹೊಲಿಗೆ ಮಿಷನ್‌ಗಳ ಸಾಲಿನಲ್ಲಿ ಎಲೀಸೆಯೊ ಎಂಬವನು ಜೀನ್ಸ್ ಪ್ಯಾಂಟಿನ ಬದಿ ಹೊಲಿಯುತ್ತಾನೆ. ಮಿಕ್ಸ್‌ಟೆಕ್ ಜನಾಂಗದವನು. ಅದು ಹೊರಗಿನವರು ಇಟ್ಟ ಹೆಸರಂತೆ. ತಮ್ಮನ್ನು ತಾವು ಅವರು ಮಳೆಯ ಜನ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತಿನಲ್ಲಿ ಮಳೆಗೆ ‘ಸವಿ’ ಎನ್ನುತ್ತಾರೆ. ಮಳೆ ಎಷ್ಟು ಸವಿ ಎಂದು ಬರ ಕಂಡ ನಮ್ಮ ಅನಂತಪುರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ಲವೇ. ಈಸ್ಟರ್ ರಜೆಗೆ ಅವನು ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಇಡೀ ದಿನ ಬಸ್ಸು, ಆಮೇಲೆ ಗುಡ್ಡದ ದಾರಿ. ಕೆಂಪು ಮಣ್ಣು, ಕೊಚ್ಚಿಹೋದ ಇಳಿಜಾರು, ಬೇಲಿಗೆಲ್ಲ ನಮ್ಮ ಪಾಪಾಸುಕಳ್ಳಿ. “ಇದು ನಮ್ಮೂರಿನದು” ಎಂದು ನನ್ನ ಹರುಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದೆ. “ಅಲ್ಲ, ನಿಮ್ಮೂರಿಗೆ ಇಲ್ಲಿಂದ ಹೋಗಿದ್ದು” ಎಂದು ನಕ್ಕ. ಆ ಕಳ್ಳಿಯ ಮೇಲೆ ಬೂದಿ ಮೆತ್ತಿದ ಹಾಗೆ ಸಣ್ಣ ಹುಳುಗಳು ಕೂತಿರುತ್ತವೆ. ಒಂದನ್ನು ಬೆರಳಲ್ಲಿ ಒತ್ತಿದ, ಕುಂಕುಮ! ಅದರಿಂದಲೇ ನೂಲಿಗೆ ಬಣ್ಣ ಹಾಕುತ್ತಾರಂತೆ. ದಾರಿಯಲ್ಲಿ ಹೋಗುವ ಹೆಂಗಸರು ತಾಳೆಗರಿಯ ಟೋಪಿ ಹೆಣೆಯುತ್ತಲೇ ನಡೆಯುತ್ತಾರೆ. ಕಣ್ಣು ದಾರಿಯ ಮೇಲೆ, ಕೈ ತನ್ನ ಪಾಡಿಗೆ ತಾನು ಹೆಣೆಯುತ್ತಿರುತ್ತದೆ. ಇವರ ಮೊದಲ ಹಿರಿಯರು ನದಿಯ ಪಕ್ಕದ ಒಂದು ಮರದೊಳಗಿಂದ ಹುಟ್ಟಿ ಬಂದರಂತೆ. ಆ ಹಿರಿಯರ ವಂಶವನ್ನು ಜಿಂಕೆ ಚರ್ಮದ ಮೇಲೆ ಚಿತ್ರ ಬರೆದು ಇಟ್ಟಿದ್ದರಂತೆ, ಆ ಚರ್ಮಗಳು ಈಗ ದೂರದ ದೇಶಗಳಲ್ಲಿವೆಯಂತೆ.

ಎಲೀಸೆಯೊನ ತಾಯಿ ಓತಿಲಿಯಾ. ನಿಮಗಿಂತ ಒಂದಿಷ್ಟು ಹಿರಿಯರು, ನಿಮ್ಮಷ್ಟೇ ಗಟ್ಟಿ. ಹಿತ್ತಲಲ್ಲಿ ಹುಣಸೆ ಮರದಷ್ಟು ದೊಡ್ಡ ಹಿಪ್ಪುನೇರಳೆ ಮರ! ನೋಡಿದ್ದೇ ತಡ ನನಗೆ ನಿಮ್ಮ ಮನೆಯೇ ಕಂಡ ಹಾಗಾಗಿ ಕಣ್ಣು ತುಂಬಿತು. ಒಳಗೆ ತಾಳೆಗರಿಯ ದೊಡ್ಡ ಬುಟ್ಟಿಯಲ್ಲಿ ರೇಷ್ಮೆ ಗೂಡು. ಬಿಡಿಸಿ ಆಗಲೇ ವಾರವಾಗಿತ್ತು. ಯಾರಿಗೂ ಅವಸರವಿಲ್ಲ. ನೂಲು ಬಿಚ್ಚುವ ಮಿಷನ್ ಇಲ್ಲ, ಗೂಡು ಬೇಯಿಸುವ ಬಾಣಲೆ ಇಲ್ಲ. ಹತ್ತಿ ನೂತ ಹಾಗೆ ಕದಿರಿನಲ್ಲಿ ನೂಲುತ್ತಾರೆ, ನೂಲು ಗಂಟುಗಂಟು. ಗೋಡೆಯ ಮೇಲೊಂದು ಹಳೆಯ ಕಾಗದ, ಅದರ ತುಂಬ ಗಸಗಸೆ ಅಂಟಿಸಿದಂಥ ಚುಕ್ಕಿ. ಇವರಿಗೆ ಈ ಕೆಲಸ ಕಲಿಸಿದವರೇ ಇಲ್ಲ ಪಾಪ ಎಂದುಕೊಂಡೆ.

ಗುರುವಾರ ಎಲ್ಲರೂ ಕೆಳಗಿನ ದೊಡ್ಡ ಊರಿನ ಚರ್ಚಿಗೆ ಹೋದರು, ಶನಿವಾರ ಬೆಳಿಗ್ಗೆ ಬರುವವರು. ನನಗೆ ಹೊಟ್ಟೆ ಕೆಟ್ಟಿತ್ತು, ಮನೆಯಲ್ಲೇ ಉಳಿದೆ. ಬುಟ್ಟಿ ನೋಡಿ ನೋಡಿ ಜೀವ ತಡೆಯಲಿಲ್ಲ. “ಹಿಂಗ ಬಿಟ್ಟು ಹೋಗ್ಯಾರಲ್ಲಪ್ಪ, ಚಿಟ್ಟಿ ಹೊರಗ ಬಂದ್ರ ಗೂಡೆಲ್ಲ ತೂತ ಬೀಳತಾವ!” ಎಂದು ಒಬ್ಬನೇ ಗೊಣಗಿದೆ. ಬಸ್ ಬಂದ್ ಆದ ವರ್ಷ ಹಿಂದೂಪುರದ ಮಾರ್ಕೆಟ್ಟಿಗೆ ಹೋಗಲಾಗದೆ ನೀವು ಗೂಡನ್ನು ತಗಡಿನ ಮೇಲೆ ಬಿಸಿಲಿಗೆ ಹಾಕಿ ಒಳಗಿನ ಹುಳು ಸಾಯಿಸಿ ಬೆಳೆ ಉಳಿಸಿಕೊಂಡದ್ದು ನೆನಪಾಯಿತು. ಅಡಿಗೆಮನೆಯ ಮಾಡಿಗೆ ತಗಡು ಹೊದಿಸಿದ್ದರು. ಹತ್ತಿ ಎಲ್ಲವನ್ನೂ ಹರಡಿದೆ. ಎರಡು ದಿನ ಹೊಟ್ಟೆ ಹಿಡಿದುಕೊಂಡೇ ಏಣಿ ಹತ್ತಿ ಕೈಯಾಡಿಸಿದೆ.

ಶನಿವಾರ ಓತಿಲಿಯಾ ಬಂದರು, ನೋಡಿದರು. ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು. ಅದನ್ನು ಮೆಲ್ಲಗೆ ಬುಟ್ಟಿಗೆ ಹಾಕಿ “ಗ್ರಾಸಿಯಾಸ್” ಎಂದರು, ಅಂದರೆ ಧನ್ಯವಾದ. ಊಟಕ್ಕೆ ಕೋಳಿ ಕೊಯ್ಯಿಸಿ ದೊಡ್ಡ ತುಂಡು ನನಗೇ ಹಾಕಿದರು. ಯಾರೂ ಮಾತಾಡಲಿಲ್ಲ. ಸಂತೋಷ ಹೆಚ್ಚಾದರೆ ಇಲ್ಲಿನವರು ಮೌನವಾಗುತ್ತಾರೆ ಎಂದು ಕಾಣುತ್ತದೆ.

ಈಗ ಹೇಳಿ, ನಿಮ್ಮ ಅಳಿಯ ಏನಾದರೂ ಕಲಿತಿದ್ದಾನೋ ಇಲ್ಲವೋ?

ನಿಮ್ಮ ಶಾಬಾಸ್‌ಗಿರಿಗೆ ಕಾದಿರುವ,
ಜಂಬಯ್ಯ

ಅಗಳಿ
7 ಮೇ 2001

ಅಳಿಯಂದಿರಿಗೆ ಚಿತ್ತಮ್ಮ ಬರೆಯುವುದು. ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಬೈಗುಳ ಮುಗಿಯಲಿ.

ನಿಮ್ಮ ಕಾಗದವನ್ನು ಮಾವನವರಿಗೆ ಗಟ್ಟಿಯಾಗಿ ಓದುತ್ತಿದ್ದೆ. ಗಸಗಸೆ ಅಂಟಿಸಿದಂಥ ಕಾಗದ ಎಂದು ಬಂದಲ್ಲಿ ನನ್ನ ಬಾಯಿ ನಿಂತುಹೋಯಿತು. ಮಾವನವರು “ಯಾಕಮ್ಮಿ, ಮುಂದಕ್ಕೆ ಓದು, ಅಳಿಯ ಜಾಣ ಆದ್ನಾ ಇಲ್ವಾ ಹೇಳು” ಅಂದರು. ನಾನು ಉಳಿದದ್ದನ್ನು ಮನಸ್ಸಿನಲ್ಲೇ ಓದಿ ಮುಗಿಸಿ, ಎದ್ದು ಹೋಗಿ ತಣ್ಣೀರು ಕುಡಿದೆ. ಅಳಿಯನ ಮೇಲೆ ಕೈ ಎತ್ತುವ ಹಾಗಿಲ್ಲ, ಆದ್ದರಿಂದ ನಿಮ್ಮ ಕಾಗದವನ್ನೇ ಎರಡು ಸಲ ಕಂಬಕ್ಕೆ ಬಡಿದೆ.

ಅದು ಗಸಗಸೆ ಅಲ್ಲ. ಹುಳು ಒಡೆದು ಬಂದ ಮೊಟ್ಟೆಯ ಸಿಪ್ಪೆ. ಹೋದ ವರ್ಷ ಆ ಕಾಗದದ ಮೇಲೆ ಚಿಟ್ಟೆ ಮೊಟ್ಟೆ ಇಟ್ಟಿತ್ತು, ಈ ವರ್ಷದ ಹುಳು ಅದರಿಂದ ಬಂದದ್ದು. ನಮಗೆ ಸರ್ಕಾರದವರು ಮೊಟ್ಟೆ ಕೊಡುತ್ತಾರೆ, ನಾವು ಗೂಡು ಮಾಡಿ ಮಾರುತ್ತೇವೆ, ಒಳಗಿನ ಹುಳುವಿನ ಗತಿ ನಮಗೆ ಬೇಕಿಲ್ಲ. ಅವರಿಗೆ ಯಾವ ಸರ್ಕಾರ ಕೊಡುತ್ತದೆ? ಅವರು ಚಿಟ್ಟೆಯನ್ನು ಬೇಕೆಂದೇ ಹೊರಗೆ ಬಿಡುತ್ತಾರೆ. ಚಿಟ್ಟೆ ಬಂದ ಮೇಲೆ ತೂತಾದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ, ಬಿಚ್ಚಲು ಬರುವುದಿಲ್ಲ, ಅದಕ್ಕೇ ಹತ್ತಿಯ ಹಾಗೆ ನೂಲುತ್ತಾರೆ. ಕುಣಿಗಲ್ ಕಡೆ ನನ್ನ ದೊಡ್ಡಮ್ಮ ಮೊಟ್ಟೆಗೆಂದೇ ಬಿಡುವ ಬಿತ್ತನೆ ಗೂಡು ಬೆಳೆಯುತ್ತಿದ್ದಳು. ಅವಳ ಮನೆಯ ಗೂಡಿಗೆ ಬಿಸಿಲು ತಾಗಿಸಿದರೆ ಮಕ್ಕಳೆನ್ನದೆ ಚರ್ಮ ಸುಲಿಯುತ್ತಿದ್ದಳು.

ಅಳಿಯಂದಿರೇ, ನೀವು ಆ ಮನೆಯ ಬೀಜ ಕೊಂದಿದ್ದೀರಿ.

ಆಕೆ ಗೂಡು ಅಲ್ಲಾಡಿಸಿ ಕೇಳಿದ್ದು ಯಾಕೆ ಗೊತ್ತೇ? ಜೀವ ಇದ್ದರೆ ಒಳಗೆ ಮೆತ್ತಗೆ ಭಾರವಾಗಿ ತಾಗುತ್ತದೆ, ಸತ್ತು ಒಣಗಿದ್ದರೆ ಕಡ್ಲೆಕಾಯಿಯೊಳಗೆ ಬೀಜ ಆಡಿದ ಹಾಗೆ ಗಿಲಗಿಲ ಅನ್ನುತ್ತದೆ. ಅಷ್ಟು ಕೇಳಿಸಿಕೊಂಡು, ಮನೆಗೆ ಬಂದ ನೆಂಟನಿಗೆ ಬೈಯದೆ, ಕೋಳಿ ಕೊಯ್ದು ಬಡಿಸಿದಳಲ್ಲ! ನಾನಾಗಿದ್ದರೆ ಸೌಟು ತಗೊಂಡು ಗುಡ್ಡ ಇಳಿಯುವವರೆಗೂ ಅಟ್ಟಿಸಿಕೊಂಡು ಬರುತ್ತಿದ್ದೆ.

ಈ ಕಾಗದ ನಿಮಗೆ ಸೇರುವ ಹೊತ್ತಿಗೆ ಉಳಿದ ಚಿಟ್ಟೆ ಬಂದಿದ್ದರೆ ಬಂದಿರುತ್ತದೆ, ಇಲ್ಲದಿದ್ದರೆ ಇಲ್ಲ. ಅದು ಗೊತ್ತಿದ್ದೂ ಮನಸ್ಸು ಕೇಳಲಿಲ್ಲ. ನಮ್ಮ ಬೆಳೆಯಲ್ಲಿ ಎರಡು ಬೊಗಸೆ ಗೂಡು ತೆಗೆದು ಕೊಟ್ಟಿಗೆಯ ತಗಡಿನ ಮೇಲೆ ಎರಡು ದಿನ ಹಾಕಿದೆ, ಇನ್ನೆರಡು ಬೊಗಸೆ ನೆರಳಲ್ಲಿ ಇಟ್ಟೆ. ಮಾವನವರು “ಏನೇ, ಅಳಿಯನಿಗೆ ಹಿಡಿದಿರೋ ಹುಚ್ಚು ನಿಂಗೂ ಹಿಡೀತಾ? ಮಾರೋ ಗೂಡು ಕಣೇ ಅದು!” ಎಂದು ಕೂಗಾಡಿದರು. ಬಿಸಿಲಿಗೆ ಹಾಕಿದ್ದರಲ್ಲಿ ಒಂದೂ ಬರಲಿಲ್ಲ. ನೆರಳಿನವು ಬಂದವು. ನಾನು ಇಷ್ಟು ವರ್ಷ ಹುಳು ಸಾಕಿದವಳು, ಹೀಗೆ ಕೂತು ಕೊನೆಯವರೆಗೆ ನೋಡಿದ್ದು ಇದೇ ಮೊದಲು. ಬೆಳ್ಳಗೆ, ಮೈತುಂಬ ನವಿರು. ಹಾರಲು ಬರುವುದಿಲ್ಲ, ಬಾಯಿಗೆ ಏನೂ ಮುಟ್ಟಿಸುವುದಿಲ್ಲ. ಜೋಡಿಯಾಗಿ, ಮೊಟ್ಟೆ ಇಟ್ಟು, ಸುಮ್ಮನೆ ಸಾಯುತ್ತವೆ. ರೇವತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದವಳು “ಅಮ್ಮಾ, ಇವನ್ನೆಲ್ಲ ನಾವು ಬೇಯ್ಸೋಕೆ ಕೊಡ್ತಿದ್ವಾ?” ಅಂದಳು. 

ಹೋಗಿ. ತಿಳಿಯದೆ ಮಾಡಿದ್ದನ್ನು ಆಕೆ ಆಗಲೇ ನುಂಗಿಕೊಂಡಿದ್ದಾಳೆ. ತಿಳಿದ ಮೇಲೂ ನೀವು ಸುಮ್ಮನಿದ್ದರೆ ಅದು ಬೇರೆಯೇ ತಪ್ಪು. ಬರಿಗೈಲಿ ಹೋಗಬೇಡಿ. ದುಡ್ಡು ಮಾತ್ರ ತೆಗೆಯಬೇಡಿ, ಬೀಜಕ್ಕೆ ದುಡ್ಡು ಕೊಡುವುದು ಮರ್ಯಾದೆಯಲ್ಲ. ಬೀಜ ಇನ್ನೆಲ್ಲಿ ಸಿಗುತ್ತದೆ ಕೇಳಿ. ಅದು ಸಿಗುವವರೆಗೆ ನನಗೆ ನಿದ್ದೆ ಇಲ್ಲ, ನಿಮಗೂ ಇರಕೂಡದು.

ಮಗು ಬೋರಲು ಬೀಳುತ್ತಾಳೆ, ನಿಮ್ಮ ಹಾಗೆಯೇ ಅವಸರದವಳು. ಈಗ ಆಶೀರ್ವಾದ: ನೂರು ವರ್ಷ ಬಾಳಿ, ಆದರೆ ಬುದ್ಧಿ ಸ್ವಲ್ಪ ಬೇಗ ಬರಲಿ.

ಇತಿ ನಿಮ್ಮ ಅತ್ತೆ,
ಚಿತ್ತಮ್ಮ

ತೆವಕಾನ್
29 ಮೇ 2001

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಫ್ಯಾಕ್ಟರಿಯ ಗೇಟಿನಲ್ಲೇ ನಿಂತು ಓದಿದೆ. ಒಳಗೆ ಹೋಗಿ ಬಿಚ್ಚಿಟ್ಟಿದ್ದ ಮಿಷನ್‌ಗೆ ಯಾವ ಸ್ಕ್ರೂ ಎಲ್ಲಿ ಹಾಕಬೇಕೆಂದು ಮರೆತೆ. ಎಲೀಸೆಯೊನನ್ನು ಪಕ್ಕಕ್ಕೆ ಕರೆದು “ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?” ಎಂದೆ. ಅವನು ನೂಲಿನ ಉಂಡೆ ನೋಡುತ್ತಾ, “ಹೇಳಬೇಡ ಅಂತ ಅಮ್ಮ ಹೇಳಿದ್ದಳು. ನೀನು ಹೊಟ್ಟೆನೋವಿನಲ್ಲಿ ಏಣಿ ಹತ್ತಿದ್ದೆಯಲ್ಲ” ಎಂದ. ಅತ್ತೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ.

ಶನಿವಾರವೇ ಹೋದೆವು. ಓತಿಲಿಯಾ ಅಂಗಳದಲ್ಲಿ ಟೋಪಿ ಹೆಣೆಯುತ್ತಿದ್ದರು. ನಾನು ನಮ್ಮ ರೀತಿಯಲ್ಲಿ ಅಡ್ಡಬಿದ್ದೆ. ಅವರು ಗಾಬರಿಯಾಗಿ, ಮತ್ತೆ ಹೊಟ್ಟೆ ಕೆಟ್ಟಿತೇನೋ ಎಂದು ನೀರು ತರಲು ಓಡಿದರು! ಆಮೇಲೆ ಎಲ್ಲ ಹೇಳಿದೆ. ನಿಮ್ಮ ಕಾಗದದ ಅರ್ಥ ಹೇಳಿದೆ. ನೀವು ನಿಮ್ಮ ಗೂಡನ್ನೇ ತಗಡಿನ ಮೇಲೆ ಹಾಕಿ ನೋಡಿದಿರಿ ಎಂಬಲ್ಲಿ ಅವರ ಕೈ ನಿಂತಿತು. “ನಿನ್ನ ಅತ್ತೆ ನನಗೋಸ್ಕರ ಹಾಗೆ ಮಾಡಿದಳೇ?” ಎಂದು ಮತ್ತೆ ಮತ್ತೆ ಕೇಳಿದರು.

ಅವರ ಬುಟ್ಟಿಯಲ್ಲಿ, ಮಾಡಿನ ಅಂಚಿನ ನೆರಳಿಗೆ ಉರುಳಿದ್ದ ಕೆಲವು ಗೂಡುಗಳಿಂದ ಚಿಟ್ಟೆ ಬಂದಿದ್ದವಂತೆ. ಎಲ್ಲ ಗಂಡು. ರೆಕ್ಕೆ ಬಡಿಯುತ್ತಾ ಬುಟ್ಟಿಯೆಲ್ಲ ಹೆಣ್ಣು ಹುಡುಕಿ ಸತ್ತುಹೋದವು. ಅವರು ಮೊಟ್ಟೆಗೆಂದು ಹಾಸಿಟ್ಟಿದ್ದು, ಆಮೇಲೆ ಗೋಡೆಗೆ ಸಿಕ್ಕಿಸಿದ ಹೊಸ ಕಾಗದ ಖಾಲಿಯೇ ಇದೆ. ಆ ಊರಲ್ಲಿ ಬೇರೆ ಮನೆಯವರು ಹುಳು ಸಾಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಒಬ್ಬರು ಜೀನ್ಸ್ ಹೊಲಿಯಲು ಹೋದರು, ಇನ್ನೊಬ್ಬರು ಉತ್ತರಕ್ಕೆ ಟೊಮೇಟೊ ಕೀಳಲು ಹೋದರು. ಆ ಗುಡ್ಡದ ಮದುವಣಗಿತ್ತಿಯರು ಕಟ್ಟುವ ಕೆಂಪು ಸೊಂಟಪಟ್ಟಿಗೆ ನೂಲು ಈ ಮನೆಯದೇ ಆಗಬೇಕಿತ್ತು.

ಬೀಜ ಇನ್ನೊಂದು ಕಡೆ ಇದೆ. ಓತಿಲಿಯಾ ಅವರ ತಂಗಿ ಫಿಲೊಮೆನಾ, ಅರ್ಧ ದಿನದ ನಡಿಗೆಯ ಊರಿನಲ್ಲಿದ್ದಾರೆ. ಮದುವೆಯಾಗಿ ಹೋಗುವಾಗ ತಾಯಿ ಇದೇ ತಳಿಯನ್ನು ಅವರಿಗೂ ಕೊಟ್ಟಿದ್ದರು. ಆದರೆ ಅಕ್ಕತಂಗಿಗೆ ಮಾತಿಲ್ಲ. ತಾಯಿ ಸತ್ತಾಗ ಫಿಲೊಮೆನಾ ಉತ್ತರದ ಟೊಮೇಟೊ ಹೊಲದಲ್ಲಿದ್ದರು. ಸುದ್ದಿ ತಿಳಿದು, ಬಸ್ಸಿನ ಮೇಲೆ ಬಸ್ಸು ಹತ್ತಿ ಬರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಅಕ್ಕ ತನಗಾಗಿ ಕಾಯಲಿಲ್ಲ ಎಂದು ಅವತ್ತಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ. “ನಾನು ಕೇಳಲು ಹೋಗುವುದಿಲ್ಲ. ಬೀಜ ಹೋದರೆ ಹೋಗಲಿ” ಎಂದರು ಓತಿಲಿಯಾ, ಆದರೆ ಖಾಲಿ ಕಾಗದವನ್ನು ಗೋಡೆಯಿಂದ ತೆಗೆದಿಲ್ಲ.

ಇಲ್ಲಿ ಬೀಜವನ್ನು ಹೆಣ್ಣು ಕೇಳುವ ಹಾಗೆ ಕೇಳಬೇಕು. ಬ್ರೆಡ್ಡು, ಚಾಕೊಲೇಟು, ಮೇಣದಬತ್ತಿ ಹಿಡಿದು ಬೆಳಕು ಹರಿಯುವ ಮೊದಲು ಬಾಗಿಲಿಗೆ ಹೋಗಬೇಕು. ಹಿರಿಯರೊಬ್ಬರು ನಿಂತೇ ಮಾತು ಹೇಳಬೇಕು, ಉತ್ತರ ಬರುವವರೆಗೆ ಕೂರಬಾರದು. ಊರಿನ ಹಿರಿಯ ಮಾತುಗಾರ ಮೊದಲೊಮ್ಮೆ ಸಂಧಾನಕ್ಕೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ಬಂದವನು, ಮತ್ತೆ ಹೋಗಲಾರೆ ಎಂದ. “ಕೊಂದವನೇ ಕೇಳಲಿ. ಆದರೆ ಮಾತು ಹಿರಿಯರದ್ದಾಗಿರಬೇಕು. ಇವನಿಗೆ ಹಿರಿಯರು ಯಾರಿದ್ದಾರೆ?” ಎಂದು ಕೇಳಿದ.

ಇಲ್ಲಿ ನನಗೆ ಯಾರಿದ್ದಾರೆ ಅತ್ತೆ? ನೀವು ಬರೆದು ಕಳಿಸಿ. ನಾನು ಓದುತ್ತೇನೆ. ಜುಲೈ ಕೊನೆಗೆ ನನ್ನ ಕೆಲಸ ಮುಗಿದು ಊರಿಗೆ ಹೊರಡಬೇಕು. ಆ ಖಾಲಿ ಕಾಗದ ಹಾಗೇ ಇರುವಾಗ ಯಾವ ಮುಖ ಇಟ್ಟುಕೊಂಡು ವಿಮಾನ ಹತ್ತಲಿ?

ತಲೆ ತಗ್ಗಿಸಿರುವ,
ಜಂಬಯ್ಯ

ಅಗಳಿ
17 ಜೂನ್ 2001

ಅಳಿಯಂದಿರಿಗೆ,

ನಿಮಗೆ ಅಡ್ಡಬೀಳಲು ಬರುತ್ತದೆ ಎಂದು ತಿಳಿದು ಸಂತೋಷವಾಯಿತು. ಮದುವೆಯಲ್ಲಿ ಸೊಂಟ ಬಗ್ಗಿಸಲು ನಿಮ್ಮ ತಾಯಿ ಹಂಪಕ್ಕನವರು ಬೆನ್ನಿಗೆ ಗುದ್ದಬೇಕಾಗಿತ್ತು.

ಹೆಣ್ಣು ಕೇಳಲು ನಾನು ಹೋದವಳಲ್ಲ, ಕೊಟ್ಟವಳು. ಯಾರ ಮಾತಿಗೆ ಮನಸ್ಸು ಕರಗುತ್ತದೆ, ಯಾರ ಮಾತಿಗೆ ಕರಗುವುದಿಲ್ಲ ಎಂಬುದು ಕೊಟ್ಟವರಿಗೆ ಗೊತ್ತಿರುತ್ತದೆ. ಹೊಗಳಿದರೆ ಕರಗುವುದಿಲ್ಲ. ಮೂರು ದಿನ ಯೋಚನೆ ಮಾಡಿ, ಹುಳುವಿಗೆ ಸೊಪ್ಪು ಹಾಕುವ ಮಧ್ಯೆ ಬರೆದಿದ್ದೇನೆ. ಕೆಳಗಿರುವುದನ್ನು ನನ್ನ ಮಾತಿನಲ್ಲೇ, ಕನ್ನಡದಲ್ಲೇ ಮೊದಲು ಓದಿ. ಆಮೇಲೆ ಅರ್ಥ ಹೇಳಿ. ನಡುವೆ ನಿಮ್ಮ ಕಡೆಯಿಂದ ಒಂದು ಮಾತೂ ಸೇರಿಸಬೇಡಿ. ನಿಮ್ಮನ್ನು ಏಕವಚನದಲ್ಲಿ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಫಿಲೊಮೆನಕ್ಕಾ, ನೀನು ನನಗಿಂತ ದೊಡ್ಡವಳೋ ಚಿಕ್ಕವಳೋ ಗೊತ್ತಿಲ್ಲ. ಕೇಳಲು ಬಂದವಳೇ ಚಿಕ್ಕವಳು, ಅದಕ್ಕೆ ಅಕ್ಕ ಎನ್ನುತ್ತೇನೆ. ನಾನು ಚಿತ್ತಮ್ಮ, ಹುಳು ಸಾಕುವವಳು. ನಿನ್ನ ಬಾಗಿಲಲ್ಲಿ ನಿಂತವನು ನನ್ನ ಅಳಿಯ. ಮಿಷನ್ ರಿಪೇರಿ ಚೆನ್ನಾಗಿ ಮಾಡುತ್ತಾನೆ. ಹುಳುವಿನ ವಿಷಯದಲ್ಲಿ ಶುದ್ಧ ದಡ್ಡ. ನಿನ್ನ ಅಕ್ಕನ ಮನೆಯ ಬೀಜ ಕೊಂದವನು ಇವನೇ. ಉಪಕಾರ ಮಾಡುತ್ತೇನೆಂದು ಕೊಂದ. ಇವನಿಗೆ ಅರ್ಧ ವಿದ್ಯೆ ಕಲಿಸಿ ಕಳಿಸಿದವಳು ನಾನು, ಆದ್ದರಿಂದ ಅರ್ಧ ತಪ್ಪು ನನ್ನದು.

ನಿನ್ನ ಅಮ್ಮನ ಮುಖ ನೋಡಲು ನಿನಗೆ ಸಿಗಲಿಲ್ಲ ಎಂದು ಕೇಳಿದೆ. ನನಗೂ ಸಿಗಲಿಲ್ಲ. ನನ್ನಮ್ಮ ಸತ್ತಾಗ ನನ್ನ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಿತ್ತು. ಹುಳುವಿನ ಮನೆಗೆ ಸಾವಿನ ಸೂತಕ ತಾಗಬಾರದು ಎಂದು ನನ್ನ ಅಣ್ಣ ಸೂರಪ್ಪ ಸುದ್ದಿಯನ್ನೇ ಕಳಿಸಲಿಲ್ಲ. ನಾನು ಗೂಡು ಬಿಡಿಸಿ ಮಾರಿ, ಬಂದು ಕೈಕಾಲು ತೊಳೆದು ಕೂತ ಮೇಲೆ ಹೇಳಿದ. ನನ್ನ ಬೆಳೆ ಉಳಿಯಲಿ ಎಂದು ಮಾಡಿದ್ದಂತೆ. ಆ ಬೆಳೆಗೆ ಬೆಂಕಿ ಬೀಳಬಾರದಿತ್ತಾ ಎನಿಸಿತು. ಅವತ್ತಿನಿಂದ ಅವನ ಹತ್ತಿರ ಮಾತು ಬಿಟ್ಟೆ.

ಮಾರನೇ ವರ್ಷ ನಮ್ಮ ಬಾವಿ ಬತ್ತಿತು. ಸೊಪ್ಪಿಲ್ಲದೆ ಹುಳುಗಳು ತಲೆ ಎತ್ತಿ ಎತ್ತಿ ಹುಡುಕುತ್ತಿದ್ದವು, ನೋಡಲು ಆಗುತ್ತಿರಲಿಲ್ಲ. ಅಣ್ಣ ಗಾಡಿಯಲ್ಲಿ ಸೊಪ್ಪು ತಂದು ಬಾಗಿಲಲ್ಲಿ ಇಳಿಸಿದ. ನಾನು ಬಾ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ. ಆದರೆ ಸೊಪ್ಪು ತೆಗೆದುಕೊಂಡೆ. ನಮ್ಮ ಜಗಳ ಹುಳುಗಳಿಗೆ ಏನು ಗೊತ್ತು?

ಅಕ್ಕನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅದು ನಿನ್ನ ಹೊಟ್ಟೆಯ ಸಂಕಟ, ನಾನು ಯಾರು ಹೇಳಲಿಕ್ಕೆ. ಮಾತಾಡಬೇಡ, ಮುಖ ನೋಡಬೇಡ. ಬೀಜ ಕೊಡು. ಅದು ನಿಮ್ಮಮ್ಮ ಇಬ್ಬರಿಗೂ ಕೊಟ್ಟದ್ದು.

ಇಷ್ಟೇ, ಅಳಿಯಂದಿರೇ. ರೇವತಿ ಪಕ್ಕದಲ್ಲಿ ಕೂತು ಓದಿದಳು. ಅವಳಿಗೂ ಇದು ಗೊತ್ತಿರಲಿಲ್ಲ. “ಅಮ್ಮಾ, ಸೂರಪ್ಪ ಮಾವನ ವಿಷ್ಯ ಯಾಕೆ ಯಾವತ್ತೂ ಹೇಳ್ಲಿಲ್ಲ?” ಎಂದಳು. ಸೊಪ್ಪು ಹಾಕುವ ಹೊತ್ತಾಯಿತು ಎಂದು ಎದ್ದು ಬಂದೆ.

ನಿಮ್ಮ ದಾರಿ ಕಾಯುತ್ತಿರುವ,
ಚಿತ್ತಮ್ಮ

ತೆವಕಾನ್
10 ಜುಲೈ 2001

ಅತ್ತೆಯವರಿಗೆ ನಮಸ್ಕಾರ,

ಜುಲೈ ಮೂವತ್ತಕ್ಕೆ ಇಲ್ಲಿಂದ ಹೊರಡುತ್ತೇನೆ. ರೇವತಿಗೆ ಹೇಳಿ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದುತ್ತೀರಿ.

ಭಾನುವಾರ ಬೆಳಕು ಹರಿಯುವ ಮೊದಲೇ ಫಿಲೊಮೆನಾ ಅವರ ಬಾಗಿಲಿಗೆ ಹೋದೆವು, ನಾನು ಮತ್ತು ಎಲೀಸೆಯೊ. ಮಳೆ ಹನಿಯುತ್ತಿತ್ತು. ಅವರು ಬಾಗಿಲು ತೆರೆದು, ಅಕ್ಕನ ಮಗನನ್ನು ನೋಡಿ ಮುಚ್ಚಲು ಹೊರಟರು. ನಾನು ಅವಸರವಾಗಿ ಓದಲು ಶುರು ಮಾಡಿದೆ. ಕನ್ನಡ! ಅವರ ಕೈ ಬಾಗಿಲ ಮೇಲೇ ನಿಂತಿತು. ಜೀವಮಾನದಲ್ಲಿ ಕೇಳದ ಭಾಷೆ. ನಾನು ನಿಮ್ಮ ಹಾಗೆಯೇ ಓದಿದೆ ಅತ್ತೆ, ಬೈಯುವಲ್ಲಿ ಬೈದು, ತಗ್ಗುವಲ್ಲಿ ತಗ್ಗಿ. ‘ಶುದ್ಧ ದಡ್ಡ’ ಎಂಬಲ್ಲಿ ನನ್ನನ್ನೇ ತೋರಿಸಿಕೊಂಡೆ. ನಿಮ್ಮ ಅಮ್ಮನ ಸಂಗತಿ ಬಂದಾಗ ಎರಡು ಸಲ ನಿಲ್ಲಿಸಬೇಕಾಯಿತು. ಆಮೇಲೆ ನಾನು ಸ್ಪ್ಯಾನಿಷ್‌ನಲ್ಲಿ ಬರೆದುಕೊಂಡಿದ್ದನ್ನು ಎಲೀಸೆಯೊ ಅವರ ಮಾತಿನಲ್ಲಿ ಹೇಳಿದ.

ನಾವು ಮಳೆಯಲ್ಲಿ ನಿಂತೇ ಇದ್ದೆವು. ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು: “ಈ ಹೆಂಗಸು ಈಗ ಅಣ್ಣನ ಹತ್ತಿರ ಮಾತಾಡುತ್ತಾಳೋ?”

ಒಳ್ಳೆಯ ಉತ್ತರ ಕೊಟ್ಟರೆ ಬೀಜ ಸಿಗುತ್ತದೆ ಎಂದು ಆಸೆಯಾಯಿತು. ಹೌದು ಎಂಬ ಮಾತು ಬಾಯಿಗೆ ಬಂತು. ಆದರೆ ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳಲಾಗಲಿಲ್ಲ. ನಮ್ಮ ಮದುವೆಯಲ್ಲಿ ಸೂರಪ್ಪ ಮಾವ ಸೋದರಮಾವನಾಗಿ ರೇವತಿಯ ಕೈ ಹಿಡಿದು ಮಂಟಪಕ್ಕೆ ಕರೆತಂದದ್ದು ಹೇಳಿದೆ. ಒಂದೇ ಚಪ್ಪರದಡಿ ಇದ್ದರೂ ನೀವಿಬ್ಬರೂ ಮಾತಾಡಿದ್ದನ್ನು ನಾನು ನೋಡಿಲ್ಲ ಎಂದೆ. ಅವರು ತಲೆದೂಗಿದರು. “ಹಾಗಾದರೆ ನಿಜವನ್ನೇ ಬರೆದಿದ್ದಾಳೆ” ಎಂದು ನಮ್ಮ ಕೈಯ ಬ್ರೆಡ್ಡಿನ ಬುಟ್ಟಿ ತೆಗೆದುಕೊಂಡರು. ಬುಟ್ಟಿ ತೆಗೆದುಕೊಂಡರೆ ಒಪ್ಪಿದಂತೆ. ಇನ್ನು ಕೂರಬಹುದು ಎಂದು ನಾನು ಹೊಸಿಲ ಮೇಲೇ ಕೂತುಬಿಟ್ಟೆ.

ಒಳಗಿನಿಂದ ಮೊಟ್ಟೆಯ ಕಾಗದ ತಂದು, ಅರ್ಧ ಕತ್ತರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿದರು. ನಾನು ಎರಡೂ ಕೈ ಚಾಚಿದೆ. ಅವರು ಕೈ ನೋಡಿದರು, ನನ್ನ ಮುಖ ನೋಡಿದರು. ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಎಲೀಸೆಯೊಗೆ ಏನೋ ರೇಗಿದರು. ಅವನು ನಗು ತಡೆದುಕೊಂಡು ಹೇಳಿದ: “ಗೂಡನ್ನು ತಗಡಿನ ಮೇಲೆ ಹಾಕಿದವನ ಕೈಗೆ ನನ್ನಮ್ಮನ ಬೀಜ ಕೊಡಲೇ? ದಾರಿಯಲ್ಲಿ ಇನ್ನೇನು ಮಾಡುತ್ತಾನೋ! ನಾನೇ ತಂದು ಮುಟ್ಟಿಸುತ್ತೇನೆ. ಅಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ.”

ಅರ್ಧ ದಿನ ಗುಡ್ಡದ ದಾರಿ. ಮುಂದೆ ಅವರು, ಹಿಂದೆ ನಾವು. ಒಮ್ಮೆಯೂ ನನಗೆ ಗಂಟು ಹಿಡಿದುಕೊಳ್ಳಲು ಕೊಡಲಿಲ್ಲ. ಜಾರುವ ಕಡೆ ಕೈ ಕೊಟ್ಟರೆ ಗಿಡದ ಕೊಂಬೆ ಹಿಡಿದುಕೊಂಡರು.

ಓತಿಲಿಯಾ ಅಂಗಳದಲ್ಲಿ ಮೆಕ್ಕೆಜೋಳ ಸುಲಿಯುತ್ತಿದ್ದರು. ತಂಗಿಯನ್ನು ನೋಡಿ ಎದ್ದು ನಿಂತರು. ಮಡಿಲಿನ ಜೋಳವೆಲ್ಲ ಕೆಳಗೆ ಚೆಲ್ಲಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫಿಲೊಮೆನಾ ಬಟ್ಟೆಯ ಗಂಟನ್ನು ಚಾಚಿದರು, ಓತಿಲಿಯಾ ತೆಗೆದುಕೊಂಡರು. ಫಿಲೊಮೆನಾ ತಿರುಗಿ ಹೊರಟರು.

ಓತಿಲಿಯಾ ಗಂಟನ್ನು ಅಲ್ಲೇ ಬಿಚ್ಚಿದರು. ಅವಸರದಲ್ಲಿ, ಬಾಗಿಲು ತೆರೆದಿದ್ದ ಅಡಿಗೆಮನೆಯ ಒಲೆಯ ಪಕ್ಕದ ಗೋಡೆಗೆ ಹೋಗಿ ಮೊಳೆಗೆ ಕಾಗದ ಸಿಕ್ಕಿಸಲು ನೋಡಿದರು. ಅಂಗಳದ ಅಂಚಿಗೆ ಹೋಗಿದ್ದ ಫಿಲೊಮೆನಾ ನಿಂತು, ತಿರುಗಿ, ಅಲ್ಲಿಂದಲೇ ಜೋರಾಗಿ ಕೂಗಿದರು. ಓತಿಲಿಯಾ ಕಾಗದ ಹಿಡಿದ ಹಾಗೆಯೇ ನಿಂತುಬಿಟ್ಟರು. ನಾನು ಎಲೀಸೆಯೊನ ತೋಳು ಹಿಡಿದು “ಏನಂದರು, ಏನಂದರು?” ಎಂದು ಅಲ್ಲಾಡಿಸಿದೆ. ಅವನ ಕಣ್ಣಲ್ಲಿ ನೀರು.

“ಅಲ್ಲಿ ಬೇಡಕ್ಕಾ, ಹೊಗೆ ಬರುತ್ತದೆ ಎಂದಳು” ಅಂದ.

ನಿಮ್ಮ ಅಳಿಯ,
ಜಂಬಯ್ಯ